ಪೆರ್ಸಿದಾ ಅತ್ತೆಯ ಮನೆಯ ಅಡ್ಡಗಾಳಿ

ಬೆಲ್‌ಗ್ರೇಡ್, 9 ಅಕ್ಟೋಬರ್ 1983

ಪ್ರೀತಿಯ ಅಪ್ಪನಿಗೆ,

ನಿನ್ನ ಮಗಳು ನೆವೆನ್ಕಾ ಕ್ಷೇಮವಾಗಿ ತಲುಪಿದಳು. ಅವಳ ಟ್ರಾಂಬೋನೂ ಕ್ಷೇಮ. ಕ್ಷೇಮವಾಗಿಲ್ಲದ್ದು ನ್ಯಾಯವೊಂದೇ.

ಪೆರ್ಸಿದಾ ಅತ್ತೆ ಬಾಗಿಲು ತೆರೆದವರೇ ನನ್ನನ್ನು ತಬ್ಬಿಕೊಳ್ಳಲಿಲ್ಲ. ಒಳಗೆಳೆದುಕೊಂಡು, ಬಾಗಿಲು ಮುಚ್ಚಿ, ಚಿಲಕ ಹಾಕಿ, ಹೊಸ್ತಿಲ ಸಂದಿಗೆ ಉಣ್ಣೆಯ ಸುರುಳಿಯೊಂದನ್ನು ಕಾಲಲ್ಲಿ ಒತ್ತಿ, ಆಮೇಲೆ ತಬ್ಬಿಕೊಂಡರು. "ಅಷ್ಟು ಹೊತ್ತು ಬಾಗಿಲಲ್ಲಿ ನಿಂತ್ಕೋತಾರೇನೇ ಹುಡುಗಿ? ಅಡುಗೆಮನೆ ಕಿಟಕಿ ತೆರೆದಿದ್ದಿದ್ರೆ ಇಷ್ಟೊತ್ತಿಗೆ ಇಬ್ಬರ ಕತ್ತೂ ಹಿಡ್ಕೊಂಡಿರೋದು!" ಎಂದರು. ಅಡುಗೆಮನೆ ಕಿಟಕಿ ತೆರೆದಿರಲಿಲ್ಲ. ಈ ಮನೆಯಲ್ಲಿ ಅದು ತೆರೆದದ್ದನ್ನು ಕಂಡ ಸಾಕ್ಷಿಗಳು ಯಾರೂ ಬದುಕಿಲ್ಲವೆಂದು ನನ್ನ ಅಂದಾಜು.

ತಪ್ಪು ತಿಳಿಯಬೇಡ. ನಾವೇನು ಕಾಡುಜನವೇ? ಅಡ್ಡಗಾಳಿಗೆ ನಾನೂ ಹೆದರುವವಳೇ. ಎದುರುಬದುರಾಗಿ ಎರಡು ಕಿಟಕಿ ತೆರೆದಿಟ್ಟು ನಡುವೆ ಕೂತವರ ಹಲ್ಲು, ಸೊಂಟ, ಕಿವಿ ಏನಾಗುತ್ತವೆ ಎಂಬುದು ನನಗೂ ಗೊತ್ತು. ಆದರೆ ಎಲ್ಲದಕ್ಕೂ ಒಂದು ಮಿತಿ ಬೇಡವೇ? ಟ್ರಾಂಬೋನಿನ ಪೆಟ್ಟಿಗೆ ತೆರೆದೆ. ಅತ್ತೆ ಕನ್ನಡಕ ಹಾಕಿಕೊಂಡು ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಈ ತುದೀಲಿ ತೂತು ಇದೆ. ಆ ತುದೀಲೂ ಇದೆ. ಇಲ್ಲಿಂದ ಗಾಳಿ ಹೋಗಿ ಅಲ್ಲಿಂದ ಹೊರಗೆ ಬರುತ್ತೆ. ಹೌದೋ ಅಲ್ವೋ?"

"ಹೌದು ಅತ್ತೆ."

"ಎರಡೂ ಕಡೆ ತೆರೆದಿರೋ ಜಾಗದಲ್ಲಿ ಹಾಯೋ ಗಾಳಿಗೆ ಏನಂತಾರೆ?"

ನಾನು ಪೆಟ್ಟಿಗೆಯ ಮುಚ್ಚಳ ಹಾಕತೊಡಗಿದೆ.

"ಹೇಳು, ಕಾಲೇಜಿಗೆ ಹೋಗೋಳು ನೀನು! ಸಾಲದ್ದಕ್ಕೆ ಇದಕ್ಕೆ ಎಳೆದು ತಳ್ಳೋ ಪಂಪು ಬೇರೆ! ನನ್ನ ಮನೆಯೊಳಗೆ ಈ ಕೊಳಾಯಿ ಊದಕೂಡದು. ಬೇಕಾದ್ರೆ ಒರೆಸಿ ಇಟ್ಕೋ, ಚೆನ್ನಾಗಿ ಹೊಳೆಯುತ್ತೆ."

ಅಪ್ಪ, ಸಂಗೀತ ಕಾಲೇಜಿಗೆ ಸೇರಿದವಳಿಗೆ ವಾದ್ಯವನ್ನು ಒರೆಸಲು ಮಾತ್ರ ಅನುಮತಿ! ಕಾಲೇಜಿನಲ್ಲೇ ಅಭ್ಯಾಸ ಮಾಡೋಣವೆಂದರೆ ಅಲ್ಲಿನ ಕೋಣೆಗಳನ್ನೆಲ್ಲ ಪಿಯಾನೋದವರು ಹಿಡಿದಿದ್ದಾರೆ. ಅವರು ಬೆಳಕು ಹರಿಯುವ ಮುಂಚೆ ಬಂದು ಕೋಟು ಹಾಸಿ ಸೀಟು ಹಿಡಿಯುವವರು. ನೀನು ಹಿತ್ತಾಳೆ ಬ್ಯಾಂಡಿನ ಯಜಮಾನ. ನಿನ್ನ ಅಕ್ಕನಿಗೆ ಎರಡು ಸಾಲು ಬರೆ. ನಿನ್ನ ಮಾತು ಕೇಳುತ್ತಾರೆ.

ನಿನ್ನ ನೆವೆನ್ಕಾ

*

ವ್ಲಾದಿಚಿನ್ ಹಾನ್, 15 ಅಕ್ಟೋಬರ್ 1983

ಮಗಳು ನೆವೆನ್ಕಾಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಓದಿ ನನಗಾದ ವ್ಯಥೆಯನ್ನು ಬರೆಯಲು ಈ ಹಾಳೆ ಸಾಲದು, ಆದ್ದರಿಂದ ಬರೆಯುವುದಿಲ್ಲ. ಹೋಗಿ ವಾರ ತುಂಬಿಲ್ಲ, ಆಗಲೇ ದೂರು! ಅತ್ತೆ ಊಟ ಹಾಕುತ್ತಾಳೋ ಇಲ್ಲವೋ? ಹಾಸಿಗೆ ಬೆಚ್ಚಗಿದೆಯೋ ಇಲ್ಲವೋ? ಅದರ ಬಗ್ಗೆ ಒಂದಕ್ಷರವಿಲ್ಲ.

ಬೆಲ್‌ಗ್ರೇಡಿನಲ್ಲಿ ಸ್ವಂತ ಅತ್ತೆ ಇರುವವಳು ಅತ್ತೆಯ ಮನೆಯಲ್ಲಿರುತ್ತಾಳೆ. ಇದರಲ್ಲಿ ಚರ್ಚೆಗೆ ಏನಿದೆ? ನನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತವರೆಲ್ಲ ಅರ್ಧ ಮುಖಕ್ಕೆ ನೊರೆ ಇರುವಾಗಲೇ ಕೇಳುತ್ತಾರೆ, "ಏನಪ್ಪಾ ತಿಹೊಮಿರ್, ಮಗಳು ಅಲ್ಲಿ ಎಲ್ಲಿದ್ದಾಳೆ?" ಅಂತ. "ನಮ್ಮಕ್ಕನ ಮನೇಲಿ" ಅನ್ನುತ್ತೇನೆ. "ಹಾಗಾದ್ರೆ ಸರಿ ಬಿಡು" ಎಂದು ಉಳಿದರ್ಧ ಮುಖವನ್ನು ನೆಮ್ಮದಿಯಿಂದ ಒಡ್ಡುತ್ತಾರೆ. ಬೇರೇನಾದರೂ ಹೇಳಿದರೆ ಕತ್ತಿ ನನ್ನ ಕೈಯಲ್ಲಿದ್ದರೂ ಕೊಯ್ಯುವವರು ಅವರೇ.

ಮನೆಯೊಳಗೆ ಊದುವ ವಿಷಯ. ಅತ್ತೆ ಬೇಡವೆಂದರೆ ಬೇಡ. ನಾನು ಅವಳಿಗೆ ಬರೆಯುವುದಿಲ್ಲ. ವಾದ್ಯವನ್ನು ಬಯಲಿನಲ್ಲಿ ಊದಬೇಕು. ನಾನು ಇಷ್ಟು ವರ್ಷ ಬಯಲಿನಲ್ಲೇ ಊದಿದ್ದೇನೆ, ನೀನೂ ಅಲ್ಲೇ ಕಲಿತವಳು. ಏನು ಕಡಿಮೆಯಾಗಿದೆ?

ಅತ್ತೆಗೆಂದು ಐವಾರ್, ನಮ್ಮ ಕೆಂಪು ಮೆಣಸಿನ ಚಟ್ನಿ, ನಾಲ್ಕು ಜಾಡಿ ರೈಲಿನಲ್ಲಿ ಕಳಿಸಿದ್ದೇನೆ. ಪ್ರತಿ ವರ್ಷದಂತೆ. ನನ್ನ ನಮಸ್ಕಾರ ಹೇಳು. ಅವಳು ಏನಾದರೂ ಅಂದರೆ ಏನಂದಳೆಂದು ಬರೆ.

ಅಪ್ಪ

*

ಬೆಲ್‌ಗ್ರೇಡ್, 2 ನವೆಂಬರ್ 1983

ಅಪ್ಪ,

ಬಯಲು! ಸರಿ, ನಿನ್ನ ಬಯಲಿನ ಕಥೆ ಕೇಳು.

ನದಿಯ ಮೇಲಿನ ಹಳೇ ಕೋಟೆಗೆ ದಿನಾ ಮಧ್ಯಾಹ್ನ ಟ್ರಾಂಬೋನ್ ಹೊತ್ತುಕೊಂಡು ಹೋಗುತ್ತೇನೆ. ಚೆಸ್ ಆಡುವ ಪಿಂಚಣಿದಾರರ ದಂಡೊಂದು ಅಲ್ಲಿದೆ. ಮೊದಲ ದಿನ ಒಬ್ಬರು ಕೂಗಿದರು: "ಮಗಾ, ಯಾರು ಸತ್ರು?" ಎರಡನೆಯ ದಿನ: "ಇನ್ನೂ ಹೂಳಲಿಲ್ವಾ?" ಈಗ ನಾನು ಬಂದ ಕೂಡಲೇ ಎಲ್ಲರೂ ಟೋಪಿ ತೆಗೆದು ಎದ್ದು ನಿಂತು ಶೋಕಾಚರಣೆ ಮಾಡಿ ಮತ್ತೆ ಆಟಕ್ಕೆ ಕೂರುತ್ತಾರೆ. ಚಳಿಗೆ ತುಟಿ ಒಡೆದು ಕೆಳಗಿನ ಸ್ವರ ಹಿಡಿಯುವುದೇ ಇಲ್ಲ. ಪ್ರೊಫೆಸರು ನಿನ್ನೆ ಕೇಳಿದರು: "ಏನಮ್ಮಾ ಇದು? ನಿನ್ನ ಉಸಿರು ಕದ ತಟ್ಟಿ ಓಡಿಹೋಗುತ್ತೆ, ಒಳಗೆ ಬರೋದೇ ಇಲ್ಲ. ಜನವರಿ ಪರೀಕ್ಷೇಲಿ ಹೀಗೇ ಊದಿದ್ರೆ ನಿನ್ನ ಸೀಟು ಇನ್ನೊಬ್ಬರಿಗೆ ಹೋಗುತ್ತೆ, ನಾನೇನೂ ಮಾಡೋಕಾಗಲ್ಲ."

ನಡುಗುತ್ತಾ ಮನೆಗೆ ಬಂದರೆ ಅತ್ತೆ ನನ್ನ ಕುತ್ತಿಗೆಗೆ ಪ್ಲಮ್ ಸಾರಾಯಿ ತಿಕ್ಕಿ, "ಎಲ್ಲಿ ಕೂತಿದ್ದೆ?" ಎಂದರು. "ಕೋಟೆ ಗೋಡೆ ಮೇಲೆ" ಎಂದೆ. "ತಣ್ಣನೆ ಕಲ್ಲಿನ ಮೇಲಾ!" ಎಂದು ಎದೆ ಬಡಿದುಕೊಂಡು, ನನಗೆ ಹುಟ್ಟಲಾರದ ಮಕ್ಕಳಿಗಾಗಿ ಆಗಲೇ ಅತ್ತರು.

ಊಟದ ಬಗ್ಗೆ ಕೇಳಿದೆಯಲ್ಲ, ಊಟ ಭರ್ಜರಿ. ಹಾಸಿಗೆ ಎಷ್ಟು ಬೆಚ್ಚಗಿದೆಯೆಂದರೆ ಬೆಳಗ್ಗೆ ನನ್ನನ್ನು ಓವನ್ನಿನಿಂದ ತೆಗೆದಂತಾಗುತ್ತದೆ. ಬೀರುವಿನ ಮೇಲೆ ಸಾಲಾಗಿ ದುನ್ಯಾ ಹಣ್ಣು, ಸೇಬಿನಂಥ ಆ ಘಮಘಮಿಸುವ ಹಳದಿ ಹಣ್ಣು, ಜೋಡಿಸಿದ್ದಾರೆ, ನಮ್ಮಮ್ಮನ ಹಾಗೆಯೇ. ತೀರಿಹೋದ ಸ್ವೆತೊಜಾರ್ ಮಾವನ ಕುರ್ಚಿ ಇನ್ನೂ ಅದರ ಎದುರಿಗೇ ಇದೆ. "ನಿಮ್ಮ ಮಾವ ಸಂಜೆ ಆದ್ರೆ ಆ ಕುರ್ಚಿ ಬಿಟ್ಟು ಏಳ್ತಿರಲಿಲ್ಲ, ಹಣ್ಣಿನ ವಾಸನೆ ನೆಟ್ಟಗೆ ಅಲ್ಲಿಗೇ ಬರುತ್ತೆ ಅಂತ" ಎಂದರು. ನಾನೂ ಕೂತು ನೋಡಿದೆ. ನಿಜ, ಬೇರೆಲ್ಲೂ ಅಷ್ಟು ವಾಸನೆಯಿಲ್ಲ. ಗೋಡೆಯಲ್ಲಿ ಮಾವನ ಫೋಟೋ. ಮುಖದ ಎಡಭಾಗ ಪೂರ್ತಿ ಸೊಟ್ಟ. "ಮಾವನಿಗೆ ಏನಾಗಿತ್ತು?" ಎಂದೆ. ಅತ್ತೆ ನನ್ನ ಟ್ರಾಂಬೋನಿನ ಪೆಟ್ಟಿಗೆಯನ್ನೇ ನೋಡುತ್ತಾ, "ಈ ಮನೇಲಿ ಒಂದು ಸಲ ಊದಿದ್ದಾಯ್ತು. ಸಾಕು" ಎಂದು ಎದ್ದು ಹೋದರು. ಯಾರು ಊದಿದ್ದು ಅಪ್ಪ? ಯಾರಾದರೂ ಬಾಡಿಗೆಯವರಿದ್ದರಾ?

ಇನ್ನು ಮುಖ್ಯ ವಿಷಯ. ನನ್ನ ತರಗತಿಯ ಎಮಿನಾ ಎಂಬವಳು ಬಸೂನ್ ನುಡಿಸುತ್ತಾಳೆ. ತಗಡು ಬಡಿಯುವವನೊಬ್ಬನ ಮಳಿಗೆಯ ಮೇಲೆ ಅವಳ ಕೋಣೆ. ಕೆಳಗೆ ದಿನವಿಡೀ ಸುತ್ತಿಗೆ ಸದ್ದು, ಮೇಲೆ ನಾವು ಏನು ಊದಿದರೂ ಕೇಳುವವರಿಲ್ಲ. ಡಿಸೆಂಬರಿನಿಂದ ಒಂದು ಮಂಚ ಖಾಲಿ. ಎರಡು ಕಡೆ ಕಿಟಕಿ, ಒಳ್ಳೇ ಬೆಳಕು. ನಾನು ಅಲ್ಲಿಗೆ ಹೋಗುತ್ತೇನೆ. ನಿನ್ನ ಒಪ್ಪಿಗೆ ಕೇಳುತ್ತಿದ್ದೇನೆ, ಆದರೆ ತೀರ್ಮಾನಿಸಿಕೊಂಡು ಕೇಳುತ್ತಿದ್ದೇನೆ.

ನೆವೆನ್ಕಾ

*

ವ್ಲಾದಿಚಿನ್ ಹಾನ್, 8 ನವೆಂಬರ್ 1983

ನೆವೆನ್ಕಾ,

ಎರಡು ಕಡೆ ಕಿಟಕಿ! ಹಾಗೆಂದು ಸ್ವಂತ ಕೈಯಿಂದ ಬರೆದು, ಪಕ್ಕದಲ್ಲೇ "ಒಳ್ಳೇ ಬೆಳಕು" ಎಂದೂ ಬರೆದಿದ್ದೀಯೆ! ನಿನ್ನನ್ನು ಬೆಳೆಸಿದವರು ಯಾರು ಎಂದು ಯಾರಾದರೂ ಕೇಳಿದರೆ ನನ್ನ ಹೆಸರು ಹೇಳಬೇಡ.

ಕಲ್ಲಿನ ಮೇಲೆ ಕೂರಬೇಡ. ನಿಂತು ಊದು. ನಿಲ್ಲಲಾಗದಿದ್ದರೆ ದಿಂಬು ಒಯ್ಯಿ. ಪಿಂಚಣಿದಾರರು ಎದ್ದು ನಿಲ್ಲುತ್ತಾರೆಂದರೆ ಅದು ಗೌರವ, ಅದನ್ನೂ ದೂರೆಂದು ಬರೆಯುವವಳು ನೀನೊಬ್ಬಳೇ. ನಾವು ಮದುವೆಯಲ್ಲಿ ಊದಿದಾಗಲೂ ಜನ ಹಾಗೆ ನಿಂತದ್ದಿಲ್ಲ.

ಆ ತಗಡಿನವನ ಮೇಲಿನ ಕೋಣೆಗೆ ನನ್ನ ಒಪ್ಪಿಗೆಯಿಲ್ಲ. ಪೆರ್ಸಿದಾ ನಿನ್ನನ್ನು ಇಟ್ಟುಕೊಳ್ಳಲು ಒಪ್ಪಿದ್ದೇ ದೊಡ್ಡದು. ಅವಳ ಮನೆಯಿಂದ ನಮ್ಮವರು ವಾದ್ಯದ ಪೆಟ್ಟಿಗೆ ಎತ್ತಿಕೊಂಡು ಹೊರಡುವುದು ಇನ್ನೊಮ್ಮೆ ಆಗಕೂಡದು. ಮಾತು ಮುಗಿಯಿತು.

ಐವಾರ್ ಖಾರ ಹೆಚ್ಚಾಯಿತೆಂದಳೇ? ಈ ಸಲ ಮೆಣಸಿನಕಾಯಿ ಬೇರೆ ಕಡೆಯದು.

ಅಪ್ಪ

*

ಬೆಲ್‌ಗ್ರೇಡ್, 12 ನವೆಂಬರ್ 1983

ಅಪ್ಪ,

ಒಂದೇ ಪ್ರಶ್ನೆ. ಇನ್ನೊಮ್ಮೆ ಅಂದರೆ?

ನಾನು ಯಾರು ಊದಿದ್ದು ಎಂದು ಕೇಳಿದೆ, ನೀನು ಮೆಣಸಿನಕಾಯಿಯ ಬಗ್ಗೆ ಬರೆದೆ. ಅತ್ತೆಯನ್ನು ಐವಾರಿನ ಬಗ್ಗೆ ಕೇಳಿದರೆ ಅವರು ಜಾಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಅವನು ಈಗಲೂ ತುತ್ತೂರಿ ಊದ್ತಾನಾ?" ಎಂದರು. "ಮದುವೆ ಮನೆಯಲ್ಲಿ ಊದುತ್ತಾನೆ" ಎಂದೆ. "ಒಳಗೋ, ಹೊರಗೋ?" ಎಂದರು. ನೀವಿಬ್ಬರೂ ಒಬ್ಬರನ್ನೊಬ್ಬರು ನೇರವಾಗಿ ಕೇಳಿಕೊಳ್ಳಬಾರದೇ, ನಡುವೆ ಅಂಚೆಯವಳಾಗಿ ನಾನೇಕೆ?

ನೆವೆನ್ಕಾ

*

ಬೆಲ್‌ಗ್ರೇಡ್, 1 ಡಿಸೆಂಬರ್ 1983

ಅಪ್ಪ,

ಮೂರು ವಾರಕ್ಕೆ ಬಂದದ್ದು ಒಂದು ಜಾಡಿ ಜೇನು, ಒಂದು ಉಣ್ಣೆಯ ಒಳಂಗಿ. ಕಾಗದವಿಲ್ಲ. ಪೊಟ್ಟಣದ ಹುರಿಯನ್ನೂ ಬಿಚ್ಚಿ ನೋಡಿದೆ. ಒಳಂಗಿ ಸರಿಯಾಗಿದೆ. ಅದು ಉತ್ತರವೆಂದು ನೀನು ಭಾವಿಸಿದ್ದರೆ, ಇಲ್ಲ.

ನನಗೆ ಈಗ ಎಲ್ಲ ಅರ್ಥವಾಯಿತು. ನಿನಗೆ ನನ್ನ ಪರೀಕ್ಷೆ ಮುಖ್ಯವಲ್ಲ. ನಿನಗೆ ಮುಖ್ಯ ಅರ್ಧ ಕ್ಷೌರವಾದ ಮುಖಗಳು ಏನಂದಾವು ಎಂಬುದು. ನಾನು ಒಂಬತ್ತು ವರ್ಷದವಳಿದ್ದಾಗ ಕೊರೆಯುವ ಜನವರಿಯಲ್ಲಿ ನನ್ನನ್ನು ಅಂಗಳದಲ್ಲಿ ಕೋಳಿಗಳ ನಡುವೆ ನಿಲ್ಲಿಸಿ ಊದಿಸಿದೆ. ಅಮ್ಮ ಬೈದರೆ, "ಎದೆ ಗಟ್ಟಿಯಾಗ್ಲಿ ಬಿಡು" ಎಂದೆ. ನಾನು ಅದನ್ನು ನಂಬಿದೆ. ಕೋಳಿಗಳೂ ನಂಬಿದವು. ನಮ್ಮ ಮನೆಯೊಳಗೆ ನೀನು ಒಂದು ಸ್ವರ ಊದಿದ್ದನ್ನು ನಾನು ಕಂಡಿಲ್ಲ. ಮಗಳಿಗೆ ಸೂರಿನ ಕೆಳಗೆ ಒಂದು ಸ್ವರಕ್ಕೆ ಜಾಗ ಕೊಡದವನು ಸಂಗೀತ ಕಾಲೇಜಿಗೆ ಅರ್ಜಿ ಹಾಕಿಸಿದ್ದೇಕೆ?

ಭಾನುವಾರ ಬೆಳಗ್ಗೆ ಎಮಿನಾಳ ಕೋಣೆಗೆ ಹೋಗುತ್ತಿದ್ದೇನೆ. ಅತ್ತೆಗೆ ಹೇಳಿದ್ದೇನೆ. ಅವರು ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. "ಎರಡು ಕಿಟಕೀಲಿ ಒಂದನ್ನಾದ್ರೂ ಮೊಳೆ ಹೊಡೆದು ಮುಚ್ಚಿಸು" ಎಂದಷ್ಟೇ ಹೇಳಿ, ನನಗಾಗಿ ಉಣ್ಣೆಯ ಸುರುಳಿ ಹೊಲಿಯಲು ಕೂತಿದ್ದಾರೆ. ಅಳತೆಗೆ ಆ ಕೋಣೆಯ ಬಾಗಿಲು ಎಷ್ಟು ಅಗಲ ಎಂದು ಕೇಳಿದರು.

ನೆವೆನ್ಕಾ

*

ಬೆಲ್‌ಗ್ರೇಡ್, 4 ಡಿಸೆಂಬರ್ 1983, ಭಾನುವಾರ

ಅಪ್ಪ,

ಕೂತುಕೊಂಡು ಓದು. ಗಿರಾಕಿ ಇದ್ದರೆ ಕತ್ತಿ ಕೆಳಗಿಡು.

ನಿನ್ನೆ ಸಂಜೆ ನಮ್ಮ ಬೀದಿಗೆ ಕರೆಂಟ್ ಕಡಿತದ ಸರದಿ. ಅತ್ತೆ ಮೇಣದಬತ್ತಿ ಹಚ್ಚಿದರು. ನನ್ನ ಚೀಲ ಬಾಗಿಲ ಬಳಿ ಕಟ್ಟಿ ಇಟ್ಟಿತ್ತು. ಅದನ್ನು ನೋಡಿ ನನಗೆ ರೇಗಿತು. ಎರಡು ತಿಂಗಳು ಮುಚ್ಚಿಟ್ಟ ಉಸಿರೆಲ್ಲ ಒಟ್ಟಿಗೆ ಬಂತು. "ಅತ್ತೆ, ಹೋಗೋ ಮುಂಚೆ ಒಂದು ಪಂದ್ಯ ಕಟ್ಟೋಣ. ಈ ಬತ್ತಿಯನ್ನ ಟ್ರಾಂಬೋನಿನ ಬಾಯಿ ಮುಂದೆ ಹಿಡೀರಿ. ನಾನು ಊದ್ತೀನಿ. ಜ್ವಾಲೆ ಅಲುಗಾಡಿದ್ರೆ ನೀವು ಗೆದ್ರಿ, ಇದು ಅಡ್ಡಗಾಳಿಯ ಕೊಳಾಯಿನೇ ಅಂತ ಬರೆದುಕೊಡ್ತೀನಿ" ಎಂದೆ. ಜ್ವಾಲೆ ಅಲುಗಾಡುವುದಿಲ್ಲ ಎಂದು ನಮ್ಮ ಪ್ರೊಫೆಸರು ಮೊದಲ ವಾರವೇ ತೋರಿಸಿದ್ದರು. ಹೊರಗೆ ಬರುವುದು ಸ್ವರ, ಗಾಳಿ ಹೆಸರಿಗೆ ಮಾತ್ರ.

ಅತ್ತೆ ಮೂರು ಶಾಲು ಹೊದ್ದು, ಕಿವಿಗೆ ಹತ್ತಿ ತುರುಕಿಕೊಂಡು, ಯುದ್ಧಕ್ಕೆ ಹೊರಟವರಂತೆ ಬತ್ತಿ ಹಿಡಿದರು. ಜಾಗ ಸಾಲದೆ ನಾನು ಮಾವನ ಕುರ್ಚಿಯ ಪಕ್ಕ ನಿಂತೆ. ವಾದ್ಯ ಎತ್ತಿದೆ. ಜ್ವಾಲೆ ನನ್ನ ಕಡೆಗೇ ಬಾಗಿತು.

"ನೋಡ್ದ್ಯಾ! ನೋಡ್ದ್ಯಾ!" ಎಂದು ಅತ್ತೆ ಕೂಗಿದರು. "ನಾನು ಹೇಳಿದ್ದು ಸುಳ್ಳಾ?"

"ಅತ್ತೆ, ನಾನಿನ್ನೂ ಬಾಯಿಟ್ಟಿಲ್ಲ."

"ಏನು?" ಕಿವಿಯಲ್ಲಿ ಹತ್ತಿ ಇತ್ತಲ್ಲ.

"ಇನ್ನೂ ಊದೇ ಇಲ್ಲ ಅತ್ತೆ! ಗಾಳಿ ನಿಮ್ಮ ಬೆನ್ನ ಹಿಂದಿನಿಂದ ಬರ್ತಿದೆ!"

ಅಪ್ಪ, ಅವರ ಮುಖ ನೀನು ನೋಡಬೇಕಿತ್ತು. ಹತ್ತಿ ತೆಗೆದರು. ಬತ್ತಿ ಹಿಡಿದುಕೊಂಡು ತಮ್ಮದೇ ಮನೆಯಲ್ಲಿ ಕಳ್ಳನನ್ನು ಹುಡುಕುವವರಂತೆ ಹೆಜ್ಜೆ ಹೆಜ್ಜೆ ಹಿಂದಕ್ಕೆ ಹೋದರು. ಕಿಟಕಿಯ ಬಳಿ ಜ್ವಾಲೆ ನೆಟ್ಟಗೆ. ಬಾಗಿಲ ಬಳಿ ನೆಟ್ಟಗೆ. ಬೀರುವಿನ ಪಕ್ಕದ ಸಂದಿಗೆ ಹಿಡಿದರೆ, ಪಟ್ಟನೆ ಆರಿತು.

ಇಬ್ಬರೂ ಸೇರಿ ಕತ್ತಲಲ್ಲೇ ಬೀರು ತಳ್ಳಿದೆವು. ದುನ್ಯಾ ಹಣ್ಣುಗಳು ನಮ್ಮ ತಲೆ ಮೇಲೆ ಉದುರಿದವು. ಮತ್ತೆ ಬತ್ತಿ ಹಚ್ಚಿದಾಗ ಕಂಡಿತು: ಗೋಡೆಯಲ್ಲಿ ತಟ್ಟೆಯಷ್ಟು ಅಗಲದ ತೂತು. ಹಳೇ ಒಲೆಯ ಹೊಗೆ ಕೊಳವೆಯದು. ಒಲೆ ಕಿತ್ತು ಹಾಕಿದಾಗ ಸ್ವೆತೊಜಾರ್ ಮಾವ ಅದನ್ನು ಗಾರೆ ಹಾಕಿ ಮುಚ್ಚಿಸಲಿಲ್ಲವಂತೆ. "ಬೀರು ಇಟ್ರೆ ಕಾಣಲ್ಲ ಬಿಡೇ" ಎಂದು ಬೀರು ತಳ್ಳಿ, ತಮ್ಮ ಕುರ್ಚಿಯನ್ನು ಅದರೆದುರಿಗೆ ಎಳೆದುಕೊಂಡು ಕೂತರಂತೆ. ಆ ಕುರ್ಚಿಗೆ ಹಣ್ಣಿನ ವಾಸನೆಯನ್ನು ಹೊತ್ತು ತರುತ್ತಿದ್ದದ್ದು ಯಾರು ಎಂದು ಈಗ ಗೊತ್ತಾಯಿತೇ?

ಅತ್ತೆ ನೆಲದ ಮೇಲೆ, ಹಣ್ಣುಗಳ ನಡುವೆ ಕೂತುಬಿಟ್ಟರು. ತಣ್ಣನೆ ನೆಲ, ಮೆತ್ತೆ ಕೂಡ ಇಲ್ಲದೆ. ಆಮೇಲೆ ಹೇಳಿದರು. ನೀನು ಇಪ್ಪತ್ತು ವರ್ಷದವನಿದ್ದಾಗ ಇದೇ ಕಾಲೇಜಿಗೆ ಸೇರಿ ಇದೇ ಮನೆಯಲ್ಲಿದ್ದೆ ಎಂದು. ಇದೇ ಕೋಣೆಯಲ್ಲಿ ದಿನಾ ಸಂಜೆ ತುತ್ತೂರಿ ಊದುತ್ತಿದ್ದೆ, ಮಾವ ಆ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದರು ಎಂದು. ಒಂದು ಬೆಳಗ್ಗೆ ಮಾವನ ಮುಖ ಸೊಟ್ಟಗಾಗಿತ್ತು. "ನಿನ್ನ ತುತ್ತೂರಿ ಗಾಳಿಯೇ ಕಣೋ ಅವರ ಮುಖ ತಿರುಚಿದ್ದು" ಎಂದು ಇವರು ಕಿರುಚಿದರು. ನೀನು ಅಂದೇ ಪೆಟ್ಟಿಗೆ ಎತ್ತಿಕೊಂಡು ಹೊರಟೆ. ಮನೆಯಿಂದ ಮಾತ್ರವಲ್ಲ, ಕಾಲೇಜಿನಿಂದಲೂ.

ಬೆಲ್‌ಗ್ರೇಡ್ ಬಿಟ್ಟು ಊರಿಗೆ ಬಂದದ್ದೇಕೆಂದು ಕೇಳಿದಾಗಲೆಲ್ಲ ಅಲ್ಲಿನ ನೀರು ಒಗ್ಗಲಿಲ್ಲ ಎಂದಿದ್ದೆಯಲ್ಲ ನೀನು!

ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯುತ್ತಿಲ್ಲ. ಅತ್ತೆಯ ಮೇಲೆ ಮಾಡಿಕೊಳ್ಳೋಣವೆಂದರೆ ಅವರು ಬೆಳಗಿನಿಂದ ಮಾವನ ಫೋಟೋಗೆ ಬೈಯುತ್ತಲೇ ಇದ್ದಾರೆ: "ಎರಡು ತಟ್ಟೆ ಗಾರೆಗೆ ಸೋಮಾರಿತನ ಮಾಡಿದ್ರಲ್ಲಾ ಮಹರಾಯರೇ, ನನ್ನ ತಮ್ಮನ್ನ ಓಡಿಸಿಬಿಟ್ರಲ್ಲಾ!" ನಿನ್ನ ಮೇಲೆ ಮಾಡಿಕೊಳ್ಳೋಣವೆಂದರೆ, ನೀನೂ ಅದನ್ನು ನಂಬಿದ್ದೆ ಎಂಬುದು ನನಗೆ ಈಗ ಹೊಳೆಯಿತು. ಕೋಳಿಗಳ ನಡುವೆ ನಿಲ್ಲಿಸಿದ್ದು ನನ್ನ ಎದೆ ಗಟ್ಟಿಯಾಗಲೆಂದಲ್ಲ. ಒಳಗೆ ಅಮ್ಮನ ಮುಖ ಇತ್ತು.

ಇಷ್ಟಾಗಿ, ಇಂದು ಗಾರೆಯವನು ಬಂದು ತೂತು ಮುಚ್ಚಿದ. ಎಮಿನಾಗೆ ಬರುವುದಿಲ್ಲ ಎಂದು ಹೇಳಿಕಳಿಸಿದ್ದೇನೆ. ಬಾಗಿಲ ಸುರುಳಿಯನ್ನು ಅವಳಿಗೇ ಉಡುಗೊರೆ ಕೊಟ್ಟೆವು. ಇಡೀ ಬೆಲ್‌ಗ್ರೇಡಿನಲ್ಲಿ ಇದಕ್ಕಿಂತ ಬಿಗಿಯಾದ ಮನೆ ಇಲ್ಲ. ಮಧ್ಯಾಹ್ನ ಅತ್ತೆ ನನ್ನನ್ನು ಕೋಣೆಯ ನಡುವೆ ನಿಲ್ಲಿಸಿ, "ಊದು" ಎಂದರು. ಊದಿದೆ. ಪಕ್ಕದ ಮನೆಯವರಿಗೆ ಒಂದು ಸ್ವರವೂ ಕೇಳಿಸಲಿಲ್ಲವಂತೆ. ಕೆಳಗಿನ ಸ್ವರ ಎರಡು ತಿಂಗಳಲ್ಲಿ ಮೊದಲ ಸಲ ಬಂದು ಒಳಗೆ ಕೂತಿತು. ಅತ್ತೆ ಮಾವನ ಕುರ್ಚಿಯಲ್ಲಿ ಕೂತು ಕೇಳಿದರು. ಕತ್ತಿಗೆ ಶಾಲು ಮಾತ್ರ ಇತ್ತು. ಅವರೂ ಒಂದಿಷ್ಟು ಬರೆಯುತ್ತಾರಂತೆ.

ನಿನ್ನ ನೆವೆನ್ಕಾ

ತಿಹಾ, ನಾನು ಪೆರ್ಸಿದಾ. ತೂತು ನನ್ನ ಬೀರುವಿನ ಹಿಂದೆ ಇತ್ತು ಕಣೋ. ನೀನಲ್ಲ. ಐವಾರ್ ಪ್ರತಿ ವರ್ಷವೂ ಚೆನ್ನಾಗಿತ್ತು, ಬರೆಯಲಿಲ್ಲ. ಬಾ. ತುತ್ತೂರಿ ತಗೊಂಡು ಬಾ. ರೈಲಿನಲ್ಲಿ ಕಿಟಕಿ ಪಕ್ಕ ಕೂರಬೇಡ.

*

ವ್ಲಾದಿಚಿನ್ ಹಾನ್, 9 ಡಿಸೆಂಬರ್ 1983

ಅಕ್ಕ ಪೆರ್ಸಿದಾಗೂ ಮಗಳು ನೆವೆನ್ಕಾಗೂ,

ಇಪ್ಪತ್ತೆಂಟು ವರ್ಷ! ಮಳೆಯಲ್ಲಿ ಊದಿದೆ, ಹಿಮದಲ್ಲಿ ಊದಿದೆ, ಮದುವೆಯ ಮನೆಯವರು "ಒಳಗೆ ಬನ್ನಿ ಯಜಮಾನರೇ, ಬೆಚ್ಚಗಿದೆ" ಎಂದರೆ "ನಮ್ಮ ಬ್ಯಾಂಡಿನ ಸಂಪ್ರದಾಯವಲ್ಲ" ಎಂದು ಬಾಗಿಲಾಚೆ ನಿಂತು ಊದಿದೆ. ಊರಿನ ಮೂರು ಬ್ಯಾಂಡಿನವರು ಅದನ್ನೇ ಸಂಪ್ರದಾಯವೆಂದು ಕಲಿತು ಈಗ ಅವರೂ ಹೊರಗೇ ನಿಲ್ಲುತ್ತಾರೆ. ಅವರೆಲ್ಲರ ಮಂಡಿನೋವಿಗೆ ಉತ್ತರ ಕೊಡುವವರು ಯಾರು? ಎರಡು ತಟ್ಟೆ ಗಾರೆ! ಸ್ವೆತೊಜಾರ್ ಭಾವ ಒಳ್ಳೆಯವರು, ದೇವರು ಅವರನ್ನು ಬೆಚ್ಚಗಿಟ್ಟಿರಲಿ, ಆದರೆ ಮೇಲೆ ಸಿಕ್ಕಾಗ ನಾನು ಅವರೊಂದಿಗೆ ಎರಡು ಮಾತಾಡುವುದಿದೆ.

ನಿಮ್ಮ ಕಾಗದ ಬಂದಾಗ ಒಬ್ಬ ಗಿರಾಕಿ ಅರ್ಧ ಕ್ಷೌರದಲ್ಲಿದ್ದ. ಹಾಗೇ ಬಿಟ್ಟು ಹಿಂದಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತುತ್ತೂರಿ ತೆಗೆದು ಒಂದು ಸ್ವರ ಊದಿದೆ. ಸೂರಿನ ಕೆಳಗೆ. ಹೊರಗೆ ಬಂದು ಮೊದಲು ಅವನ ಮುಖ ನೋಡಿದೆ. ನೆಟ್ಟಗಿತ್ತು. "ಏನಾಯ್ತೋ ತಿಹೊಮಿರ್, ಅಳ್ತಿದ್ದೀಯಾ?" ಎಂದ. ಸೋಪು ಕಣ್ಣಿಗೆ ಹೋಯಿತು ಎಂದೆ.

ಮುಂದಿನ ವಾರ ಶನಿವಾರ ಸಂಜೆಯ ರೈಲಿಗೆ ಬರುತ್ತೇನೆ. ನನಗೆ ಆ ಕುರ್ಚಿಯ ಪಕ್ಕ ಜಾಗ ಇಡಿ. ನೆವೆನ್ಕಾ, ಪರೀಕ್ಷೆಯ ಪಾಠ ತೆಗೆದಿಟ್ಟಿರು, ಇಬ್ಬರೂ ಊದೋಣ.

ಕಿಟಕಿ ಮುಚ್ಚಿರಲಿ.

ತಿಹೊಮಿರ್